ಆರೂವರೆಯ ಪಂದ್ಯ

ಶನಿವಾರ ಸಂಜೆ ಡನ್‌ಸ್ಟನ್ ಮನೆಯಲ್ಲಿ ಯಾರೂ ನಗಕೂಡದು, ಅಳಕೂಡದು, ಹಾಡು ಗುನುಗಕೂಡದು. ಇದು ಕ್ಲೆಮ್ ಡನ್‌ಸ್ಟನ್ ಮಾಡಿದ ಕಾನೂನು. ಮಧ್ಯಾಹ್ನ ಎರಡಕ್ಕೆ ಶುರುವಾಗಿ ಐದರ ಹೊತ್ತಿಗೆ ಮುಗಿದೇಹೋದ ಫುಟ್‌ಬಾಲ್ ಪಂದ್ಯ ಅವನ ಪಾಲಿಗೆ ಮುಗಿದಿರಲಿಲ್ಲ. ಆರೂವರೆಗೆ ಟಿವಿಯವರು ಅದನ್ನು ಮತ್ತೆ ತೋರಿಸುವಾಗಲೇ ಅದು ಶುರುವಾಗಬೇಕು, ತಂಡ ಅವನ ಕಣ್ಣೆದುರೇ ಗೆಲ್ಲಬೇಕು ಇಲ್ಲವೇ ಸೋಲಬೇಕು. ಮೆಲ್ಬರ್ನ್‌ನ ಪಂದ್ಯವನ್ನು ಮೆಲ್ಬರ್ನ್‌ನ ಟಿವಿಯಲ್ಲಿ ನೇರವಾಗಿ ತೋರಿಸಿಬಿಟ್ಟರೆ ಮೈದಾನಕ್ಕೆ ಯಾರು ಬರುತ್ತಾರೆ ಎಂದು ಲೀಗಿನವರಿಗೆ ಹೆದರಿಕೆ. ಹಾಗಾಗಿ ಶನಿವಾರ ಮಧ್ಯಾಹ್ನ ಕೆಲಸವಿದ್ದವರಿಗೆಲ್ಲ ಆರೂವರೆಯ ಪಂದ್ಯವೇ ಪಂದ್ಯ.

ಕ್ಲೆಮ್ ಟ್ರಾಮ್ ಓಡಿಸುತ್ತಿದ್ದ. ನಾಲ್ಕೂವರೆ ಆಯಿತೆಂದರೆ ಎರಡೂ ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದ. ಸ್ಟಾಪಿನಲ್ಲಿ ನಿಂತವರ ಮುಖ ನೋಡಿದರೆ ಫಲಿತಾಂಶ ಗೊತ್ತಾಗಿಬಿಡುತ್ತದೆಂದು ಹಳಿಯನ್ನೇ ನೋಡುತ್ತಾ ಡಿಪೋ ಮುಟ್ಟುತ್ತಿದ್ದ. ಕಂಡಕ್ಟರ್ ತಾಸೋ, ಗ್ರೀಕ್ ಮನುಷ್ಯ, ಚಾಲಕನ ಬಾಗಿಲಿಗೆ ಬೆನ್ನು ಕೊಟ್ಟು ಕಾವಲು ನಿಲ್ಲುತ್ತಿದ್ದ. "ಒಳಗೆ ರೋಗಿ ಇದಾನೆ, ಮಾತಾಡಿಸ್ಬೇಡಿ" ಎಂದು ಪ್ರಯಾಣಿಕರಿಗೆ ಹೇಳುತ್ತಿದ್ದ.

ಕ್ಲೆಮ್‌ನ ಹೆಂಡತಿ ಬೆರಿಲ್‌ಗೆ ಇದೆಲ್ಲ ಹುಚ್ಚರ ಸಂತೆ. ಅವಳು ಸಿಡ್ನಿಯವಳು. ಅಲ್ಲಿ ಫುಟ್‌ಬಾಲ್ ಅಂದರೆ ಬೇರೆಯದೇ ಆಟ. ಮದುವೆಯಾಗಿ ಹದಿನೆಂಟು ವರ್ಷವಾದರೂ ಮೈದಾನದ ಆ ತುದಿಗೆ ಈ ತುದಿಗೆ ನಾಲ್ಕು ನಾಲ್ಕು ಕಂಬ ಯಾಕೆ ನಿಲ್ಲಿಸುತ್ತಾರೆಂದು ಅವಳು ಕೇಳುವುದು ತಪ್ಪಿರಲಿಲ್ಲ. ನಡುವಿನ ಎರಡು ಕಂಬದ ಮಧ್ಯೆ ಒದ್ದರೆ ಆರು ಅಂಕ, ಪಕ್ಕಕ್ಕೆ ಜಾರಿದರೆ ಒಂದು ಎಂದು ಕ್ಲೆಮ್ ಎಷ್ಟು ಸಲ ಹೇಳಿದ್ದನೋ ದೇವರೇ ಬಲ್ಲ.

"ಗುರಿ ತಪ್ಪಿದೋನಿಗೂ ಒಂದು ಅಂಕ ಕೊಡ್ತಾರಾ? ಎಂಥಾ ಒಳ್ಳೇ ಜನ!" ಎಂದು ಅವಳು ಪ್ರತಿಸಲವೂ ಅನ್ನುತ್ತಿದ್ದಳು.

ದೇಶಕ್ಕೆ ಬಣ್ಣದ ಟಿವಿ ಬಂದ ವರ್ಷ, ಏಪ್ರಿಲ್‌ನಲ್ಲಿ, ಕ್ಲೆಮ್‌ನ ತಾಯಿ ಐವಿ ಈ ಮನೆಗೆ ಬಂದಳು. ಎಪ್ಪತ್ತನಾಲ್ಕು ವರ್ಷ, ಬಾಗಿದ ಬೆನ್ನು, ಬಾಗದ ನಾಲಗೆ. ಐವತ್ತು ವರ್ಷ ಮಾರ್ಲೋ ಪಾರ್ಕ್ ಮೈದಾನದಲ್ಲಿ ಗೋಲಿನ ಹಿಂದೆ ನಿಂತು 'ಕೊಕ್ಕರೆ'ಗಳಿಗಾಗಿ ಗಂಟಲು ಹರಿದುಕೊಂಡವಳು. ತಂಡದ ಹಸಿರು ಬಿಳಿ ಅಂಗಿಯ ಮೇಲೆ ಉದ್ದ ಕಾಲಿನ ಕೊಕ್ಕರೆ ಇರುತ್ತಿತ್ತು, ಅದಕ್ಕೇ ಆ ಹೆಸರು. ಹಿಂದಿನ ವರ್ಷದ ಮೊದಲ ಪಂದ್ಯದ ದಿನವೇ ಕೆಸರಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಇನ್ನು ಮೈದಾನದ ಕಡೆ ತಲೆ ಹಾಕಿ ಮಲಗಬೇಡಿ ಎಂದರು ಡಾಕ್ಟರು. ಅವಳು ತನ್ನ ಪುಟ್ಟ ಮನೆ ಮಾರಿ ಮಗನ ಮನೆಯ ಹಿಂದಿನ ಕೋಣೆ ಸೇರಿದಳು. ಬರುವಾಗ ಒಂದು ಟ್ರಾನ್ಸಿಸ್ಟರ್ ರೇಡಿಯೊ ತಂದಳು. ಬಂದ ವಾರವೇ ಎಲ್ಲರಿಗೂ ಇರಲಿ ಎಂದು ತನ್ನ ದುಡ್ಡಿನಲ್ಲಿ ಬಣ್ಣದ ಟಿವಿ ತರಿಸಿದಳು. ಬೀದಿಗೆಲ್ಲ ಅದೇ ಮೊದಲನೆಯ ಬಣ್ಣದ ಟಿವಿ.

ಗೋಳು ಶುರುವಾದದ್ದೇ ಅಲ್ಲಿಂದ. ಟಿವಿ ಪಂದ್ಯ ತೋರಿಸುವುದು ಆರೂವರೆಗೆ. ಐವಿಯ ರೇಡಿಯೊ ಎಲ್ಲವನ್ನೂ ಮಧ್ಯಾಹ್ನವೇ ಹೇಳಿ ಮುಗಿಸಿರುತ್ತಿತ್ತು.

ಮೊದಲ ಶನಿವಾರ ಕ್ಲೆಮ್ ಕೈಕಾಲು ತೊಳೆದು, ತೊಡೆಯ ಮೇಲೆ ಸಾಸೇಜಿನ ತಟ್ಟೆ ಇಟ್ಟುಕೊಂಡು ಟಿವಿ ಮುಂದೆ ಕೂತ. ಐವಿ ಉಪ್ಪಿನ ಡಬ್ಬಿ ತಂದಿಟ್ಟಳು.

"ಅಮ್ಮಾ, ನೀನು ಹಾಡ್ತಿದೀಯ" ಎಂದ ಕ್ಲೆಮ್.

"ಉಸಿರಾಡ್ತಿದೀನಿ ಕಣೋ. ಅದಕ್ಕೂ ನಿನ್ನ ಅಪ್ಪಣೆ ಬೇಕಾ?"

"ಅದು ಕ್ಲಬ್ಬಿನ ಹಾಡು! ಗೆದ್ದಾಗ ಹಾಡೋ ಹಾಡು!"

"ನಂಗೆ ಬರೋದು ಅದೊಂದೇ ಹಾಡು."

ಕ್ಲೆಮ್ ಫೋರ್ಕನ್ನು ತಟ್ಟೆಗೆ ಎಸೆದ. "ಗೆದ್ರು. ಆಯ್ತಲ್ಲ. ಇನ್ನೇನು ನೋಡ್ಲಿ? ಈ ಸಾಸೇಜ್ ನೋಡ್ಕೊಂಡು ಕೂತಿರ್ಲಾ?"

ಹದಿನಾರರ ಮಗಳು ಲೊರೈನ್ ಸೋಫಾದ ದಿಂಬಿನಲ್ಲಿ ಮುಖ ಹುದುಗಿಸಿ ಕಿಸಕಿಸ ನಕ್ಕಳು. ಬೆರಿಲ್ ಅವಳ ಮೊಣಕಾಲಿಗೆ ಒಂದು ಕೊಟ್ಟಳು.

ಎರಡನೆಯ ವಾರ ಐವಿ ಬಾಯಿಗೆ ಬೀಗ ಹಾಕಿಕೊಂಡಳು. ಹಾಡಲಿಲ್ಲ, ಮಾತಾಡಲಿಲ್ಲ. ಆದರೆ ಊಟದ ಜೊತೆ ಬೆಲ್ಲದ ಪಾಕದಲ್ಲಿ ಬೇಯಿಸಿದ ಹಿಟ್ಟಿನುಂಡೆ ಮಾಡಿಟ್ಟಳು. ಕ್ಲೆಮ್ ಬಟ್ಟಲನ್ನೇ ನೋಡಿದ. ಅವನು ಚಿಕ್ಕವನಿದ್ದಾಗ ಕೊಕ್ಕರೆಗಳು ಗೆದ್ದ ಶನಿವಾರ ಮಾತ್ರ ಆ ಮನೆಯಲ್ಲಿ ಹಿಟ್ಟಿನುಂಡೆ.

"ಎಷ್ಟು ಅಂಕದಿಂದ ಗೆದ್ರು ಅಂತಾನೂ ಹೇಳಿಬಿಡು" ಎಂದ. "ಬಟ್ಟಲಲ್ಲಿ ಏಳು ಉಂಡೆ ಇದೆ. ಏಳಾ?"

"ಮೂವತ್ತೊಂದು" ಎಂದುಬಿಟ್ಟು ಐವಿ ಬಾಯಿಗೆ ಕೈ ಅಡ್ಡ ಹಿಡಿದಳು.

ಮೂರನೆಯ ವಾರ ಬೆರಿಲ್ ತಾನೇ ಅಡುಗೆಗೆ ನಿಂತಳು. ಕೀಮಾದ ಮೇಲೆ ಆಲೂಗಡ್ಡೆ ಹಚ್ಚಿ ಬೇಯಿಸಿದಳು. ಸೋತವರೂ ಗೆದ್ದವರೂ ತಿನ್ನಬಹುದಾದ ಪದಾರ್ಥ. ಐವಿ ಕಲ್ಲಿನಂತೆ ಕೂತು ಸ್ವೆಟರ್ ಹೆಣೆದಳು. ಆಟದ ನಾಲ್ಕು ಕ್ವಾರ್ಟರುಗಳಲ್ಲಿ ಮೂರನೆಯದು ಮುಗಿದಾಗ ಕೊಕ್ಕರೆಗಳು ನಲವತ್ತು ಅಂಕ ಹಿಂದೆ. ಕ್ಲೆಮ್‌ಗೆ ಜೀವ ಬಾಯಿಗೆ ಬಂದಿತ್ತು. ಪಕ್ಕಕ್ಕೆ ತಿರುಗಿ ನೋಡಿದರೆ ತಾಯಿ ನೆಮ್ಮದಿಯಾಗಿ ಗೊರಕೆ ಹೊಡೆಯುತ್ತಿದ್ದಾಳೆ.

"ಗೆಲ್ತಾರೆ" ಎಂದ ಕ್ಲೆಮ್ ಸತ್ತ ದನಿಯಲ್ಲಿ. "ಸೋಲೋದಾಗಿದ್ರೆ ಇವಳಿಗೆ ಈ ನಿದ್ದೆ ಬರ್ತಿತ್ತಾ?"

ಗೆದ್ದರು. ಅವನು ಎದ್ದು ಹಿತ್ತಲಿಗೆ ಹೋಗಿ ಸಿಗರೇಟು ಹಚ್ಚಿದ.

ಹೀಗೇ ಮೇ ಕಳೆಯಿತು, ಜೂನ್ ಕಳೆಯಿತು. ಒಂದು ವಾರ ಐವಿ ತನ್ನ ಕೋಣೆಯಲ್ಲೇ ಉಳಿದಳು. ನಡಿಗೆಯ ಸದ್ದಿನಿಂದಲೇ ಕ್ಲೆಮ್ ಸೋಲನ್ನು ಕಂಡುಹಿಡಿದ. ಇನ್ನೊಂದು ವಾರ ಟಿವಿ ಎದುರು ಕೂತಳು, ಆದರೆ ಕುರ್ಚಿಯನ್ನು ಮಗನ ಕಡೆಗೇ ತಿರುಗಿಸಿಕೊಂಡು, ರೆಪ್ಪೆ ಬಡಿಯದೆ ಅವನನ್ನೇ ನೋಡುತ್ತಾ ಕೂತಳು. ಎದುರಾಳಿಗಳು ಗೋಲು ಹೊಡೆಯುವುದಕ್ಕೆ ಒಂದು ಕ್ಷಣ ಮುಂಚೆ ಅವಳ ಹುಬ್ಬು ಮೇಲೇರುತ್ತಿತ್ತು.

"ಟಿವಿ ಅಲ್ಲಿದೆ ಅಮ್ಮ! ನನ್ನ ಮುಖದಲ್ಲಿ ಏನು ಬರ್ತಿದೆ?"

"ನೀನು ನಿನ್ನ ಪಾಡಿಗೆ ನೋಡು. ನಾನು ನನ್ನ ಪಾಡಿಗೆ ನೋಡ್ತೀನಿ."

"ನನ್ನ ದುಡ್ಡಿನ ಟಿವಿ ಅಂತ ಹೇಳ್ತೀಯೇನು ಈಗ?"

"ಹೇಳ್ತಿರ್ಲಿಲ್ಲ. ನೀನೇ ನೆನಪು ಮಾಡ್ದೆ."

ಜುಲೈ ಕೊನೆಯ ಶನಿವಾರ ಕ್ಲೆಮ್‌ಗೆ ರೇಗಿತು. ಆ ದಿನ ಅವನು ಬಾಗಿಲು ತೆರೆಯುತ್ತಿದ್ದಂತೆ ಐವಿ "ಪಾಪ, ಬಾ ಮಗನೇ" ಎಂದಿದ್ದಳು, ಅಷ್ಟೇ. ಬೂಟು ಕೂಡ ಬಿಚ್ಚದೆ ಅಡುಗೆಮನೆಯ ನಡುವೆ ನಿಂತು ಕೂಗಾಡಿದ.

"ಪಾಪ! ಪಾಪ ಅಂದ್ರೆ ಏನರ್ಥ? ವಾರಪೂರ್ತಿ ಹಳಿ ಮೇಲೆ ಹೋಗೋನು ನಾನು. ಮುಂದಿನ ಸ್ಟಾಪ್ ಯಾವುದು ಅಂತ ನಿದ್ದೇಲೂ ಗೊತ್ತು ನಂಗೆ. ಮುಂದೇನು ಅಂತ ಗೊತ್ತಿಲ್ದೇ ಇರೋದು ನನ್ನ ಪಾಲಿಗೆ ವಾರಕ್ಕೆ ಇದೊಂದೇ. ಅದನ್ನೂ ಕಿತ್ಕೊಂಡ್ರಲ್ಲ!"

"ನಿನ್ನ ಎಷ್ಟು ಗುಟ್ಟು ಹೊಟ್ಟೇಲಿಟ್ಕೊಂಡಿದೀನಿ ನಾನು" ಎಂದಳು ಐವಿ. "ಹನ್ನೊಂದು ವರ್ಷದವರೆಗೆ ಹಾಸಿಗೆ ಒದ್ದೆ ಮಾಡ್ತಿದ್ದೆ. ಬೆರಿಲ್‌ಗೆ ಹೇಳಿದೀನಾ?"

"ಹನ್ನೊಂದಾ?" ಎಂದಳು ಲೊರೈನ್.

ಕ್ಲೆಮ್ ಅಂದೇ ಅಕ್ಕ ಥೆಲ್ಮಾಗೆ ಕಾಗದ ಬರೆದ. ಥೆಲ್ಮಾ ಇದ್ದದ್ದು ದೂರದ ಮಿಲ್ಡುರಾದ ದ್ರಾಕ್ಷಿ ತೋಟದಲ್ಲಿ. ಅಮ್ಮ ಬರಲಿ, ಇಲ್ಲಿ ಬಿಸಿಲಿದೆ, ಸೊಂಟಕ್ಕೆ ಒಳ್ಳೆಯದು ಎಂದು ಉತ್ತರ ಬಂತು. ಆಗಸ್ಟ್ ಕೊನೆಯ ಶನಿವಾರ ಲೀಗಿನ ವಾರವಾರದ ಪಂದ್ಯಗಳು ಮುಗಿದು, ಮುಂದೆ ಮೇಲಿನ ಐದು ತಂಡಗಳಿಗೆ ಮಾತ್ರ ಫೈನಲ್ಸ್. ಆ ಶನಿವಾರ ಕಳೆದು ಸೋಮವಾರದ ರೈಲಿಗೆ ಕ್ಲೆಮ್ ಟಿಕೆಟ್ ತಂದ. ತಂದು ಚಹಾ ಡಬ್ಬಿಗೆ ಒರಗಿಸಿ ಇಟ್ಟ. ಯಾರೂ ಅದನ್ನು ಮುಟ್ಟಲಿಲ್ಲ.

ಈಗ ಹೇಳಬೇಕಾದದ್ದು ಬೆರಿಲ್‌ಳ ಸಂಕಟ. ಅತ್ತೆ ಬರುತ್ತಾಳೆಂದಾಗ ಬೆರಿಲ್ ಮೂಗು ಮುರಿದಿದ್ದಳು, ಸುಳ್ಳು ಹೇಳಬಾರದು. ಆದರೆ ಬಂದ ತಿಂಗಳೊಳಗೆ ಮನೆಯ ಗಾಳಿಯೇ ಬೇರೆಯಾಗಿತ್ತು. ಬೆರಿಲ್ ಬಿಸ್ಕತ್ತು ಕಾರ್ಖಾನೆಯ ಪಾಳಿ ಮುಗಿಸಿ ಬರುವಷ್ಟರಲ್ಲಿ ಬಟ್ಟೆ ಮಡಿಸಿರುತ್ತಿತ್ತು, ಚಹಾ ಕುದಿಯುತ್ತಿರುತ್ತಿತ್ತು. ಇಬ್ಬರೂ ಅಡುಗೆಮನೆಯ ಮೇಜಿನ ಎರಡು ಬದಿಗೆ ಕೂತು ಬಟಾಣಿ ಸುಲಿಯುತ್ತಾ ಬೀದಿಯ ಒಬ್ಬೊಬ್ಬರನ್ನೂ ಹಿಡಿದು ಜಾಡಿಸುತ್ತಿದ್ದರು. ಬೆರಿಲ್‌ಗೆ ತಾಯಿ ಹೋದಾಗ ಒಂಬತ್ತು ವರ್ಷ. ಅಡುಗೆಮನೆಯಲ್ಲಿ ಒಬ್ಬಳು ಹೆಂಗಸು ಕಾದು ಕೂತಿರುವುದು ಎಂದರೆ ಏನೆಂದು ಅವಳಿಗೆ ಈಗಷ್ಟೇ ಗೊತ್ತಾಗಿತ್ತು. ಅದೇ ಈಗ ಸೋಮವಾರದ ರೈಲು ಹತ್ತಿ ಹೋಗುವುದಿತ್ತು.

ಕ್ಲೆಮ್‌ಗೆ ಹೇಳಿ ನೋಡಿದಳು.

"ನಿಂಗೇನು ಕಷ್ಟ? ಅಲ್ಲಿ ಬಿಸಿಲಿದೆಯಂತೆ" ಎಂದ ಅವನು.

"ಬಿಸಿಲಿಗೆ ಮಾತು ಬರುತ್ತಾ ಕ್ಲೆಮ್?"

"ಅವಳ ಮುಖಕ್ಕೆ ಒಂದು ಪರದೆ ಹಾಕು, ಇರ್ಲಿ."

ಸರಿ, ಮುಖವನ್ನೇ ತಿದ್ದೋಣ ಎಂದುಕೊಂಡಳು ಬೆರಿಲ್. ಬುಧವಾರ ಆಲೂಗಡ್ಡೆ ಹೆರೆಯುತ್ತಾ ಅತ್ತೆಯನ್ನು ಎದುರು ಕೂರಿಸಿಕೊಂಡಳು.

"ನಾನು ಏನಂದ್ರೂ ನೀವು ಮುಖ ಅಲ್ಲಾಡಿಸ್ಬಾರದು, ಅಮ್ಮ. ಕೊಕ್ಕರೆಗಳು ಗೆದ್ರು."

ಐವಿಯ ತುಟಿಯ ಎಡತುದಿ ಮೇಲಕ್ಕೆ ಹೋಯಿತು.

"ಹೋಯ್ತು!" ಎಂದಳು ಲೊರೈನ್. "ಅಜ್ಜಿ, ತುಟಿ!"

"ತುಟಿ ಅಲ್ಲ ಅದು, ಹಲ್ಲು ನೋವು."

"ಇನ್ನೊಂದು ಸಲ. ಕೊಕ್ಕರೆಗಳು ಸೋತ್ರು."

ಮುಖ ಅಲ್ಲಾಡಲಿಲ್ಲ. ಆದರೆ ಐವಿ ಹೆರೆಯುತ್ತಿದ್ದ ಆಲೂಗಡ್ಡೆ ಎರಡು ಹೋಳಾಯಿತು.

"ಆ ಗೂಳಿಗಳ ತಂಡದ ಮೇಲೆ ಸೋತ್ರು. ನೂರು ಅಂಕದಿಂದ."

"ನಿನ್ನ ಬಾಯಿಗೆ ಹುಳ ಬೀಳ!" ಎಂದು ಐವಿ ಎದ್ದು ನಿಂತೇಬಿಟ್ಟಳು. ಮೂವರೂ ಹೊಟ್ಟೆ ಹಿಡಿದು ನಕ್ಕರು. ನಗು ನಿಂತ ಮೇಲೆ ಐವಿ ಮೆಲ್ಲನೆ ಕೂತು ಹೇಳಿದಳು, "ಆಗಲ್ಲ ಬೆರಿಲ್. ಐವತ್ತು ವರ್ಷ ಕೂಗಿದ ಮುಖ ಇದು. ಈಗ ಸುಮ್ನಿರು ಅಂದ್ರೆ ಇರುತ್ತಾ?"

ಬೆರಿಲ್ ಎರಡು ಹೋಳಾದ ಆಲೂಗಡ್ಡೆಯನ್ನು ನೀರಿಗೆ ಹಾಕಿದಳು.

ಕೊನೆಯ ಶನಿವಾರ ಬಂತು. ಕೊಕ್ಕರೆಗಳು ಗೂಳಿಗಳನ್ನು ಸೋಲಿಸಿದರೆ ಮೇಲಿನ ಐದರೊಳಗೆ, ಸೋತರೆ ಮನೆಗೆ. ಹನ್ನೆರಡು ವರ್ಷದಿಂದ ಅವರು ಫೈನಲ್ಸ್ ಕಂಡಿರಲಿಲ್ಲ. ಲೊರೈನ್ ಗೆಳತಿಯರ ಜೊತೆ ಮೈದಾನಕ್ಕೆ ಹೋದಳು. ಟಿವಿಯ ಪಂದ್ಯ ಮುಗಿಯುವವರೆಗೆ ಮನೆಯ ಗೇಟು ಮುಟ್ಟಕೂಡದೆಂದು ಅಪ್ಪ ತಾಕೀತು ಮಾಡಿದ್ದ.

ಎರಡಕ್ಕೆ ಹತ್ತು ನಿಮಿಷವಿರುವಾಗ ಐವಿ ಅಡುಗೆಮನೆಗೆ ಬಂದು ಟ್ರಾನ್ಸಿಸ್ಟರನ್ನು ಬೆರಿಲ್‌ಳ ಕೈಗಿಟ್ಟಳು.

"ಬಚ್ಚಿಡು. ಎಲ್ಲಿ ಅಂತ ನಂಗೆ ಹೇಳ್ಬೇಡ."

"ಅಮ್ಮ, ಇವತ್ತಿನ ಪಂದ್ಯಾನಾ?"

"ಇವತ್ತಿನದೇ. ಇವತ್ತು ಅವನ ಜೊತೆ ಕೂತು, ಅವನ ಹಾಗೇ ಗೊತ್ತಿಲ್ದೇ ನೋಡ್ತೀನಿ. ಒಂದು ಸಲವಾದ್ರೂ ನನ್ನ ಮಗ ನನ್ನ ಜೊತೆ ಒಂದು ಪಂದ್ಯ ಸುಖವಾಗಿ ನೋಡಿದ ಅಂತ ಆಗ್ಲಿ. ಆಮೇಲೆ ಸೋಮವಾರ ಹೋಗ್ತೀನಿ."

ಬೆರಿಲ್ ಅತ್ತೆಯನ್ನು ಕೋಣೆಗೆ ಕಳಿಸಿದಳು. ರೇಡಿಯೊವನ್ನು ಹಿಟ್ಟಿನ ಡಬ್ಬಿಯಲ್ಲಿ ಹುಗಿದಿಟ್ಟಳು.

ಐವಿ ಎರಡೂವರೆಯವರೆಗೆ ಹೆಣೆದಳು, ಮೂರರವರೆಗೆ ಬೆಳ್ಳಿ ಚಮಚ ಉಜ್ಜಿದಳು, ಮೂರೂವರೆಯವರೆಗೆ ಉಜ್ಜಿದ್ದನ್ನೇ ಉಜ್ಜಿದಳು. ನಾಲ್ಕಕ್ಕೆ ಹಿತ್ತಲ ಕಕ್ಕಸಿಗೆ ಹೋದಳು. ಹೋದವಳು ಬರಲೇ ಇಲ್ಲ. ಬೆರಿಲ್ ಒಗೆಯುವ ಮೆಷಿನ್ ಹಾಕಿ, ಕುರಿಮಾಂಸಕ್ಕೆ ಉಪ್ಪು ಸವರಿ, ಬಟಾಣಿ ಸುಲಿದು ಗಡಿಯಾರ ನೋಡಿದಳು. ಮುಕ್ಕಾಲು ಗಂಟೆ. ಗಾಬರಿಯಾಗಿ ಓಡಿ ಬಾಗಿಲು ತಟ್ಟಿದಳು.

"ಅಮ್ಮ! ಹೊಟ್ಟೆ ಕೆಟ್ಟಿದೆಯಾ? ಡಾಕ್ಟರನ್ನ ಕರೀಲಾ?"

"ಹೋಗೇ ಒಳಗೆ! ನನ್ನನ್ನ ನನ್ನ ಪಾಡಿಗೆ ಬಿಡು!"

ಐದಕ್ಕೆ ಐವಿ ಒಳಗೆ ಬಂದಳು. ಹೆಜ್ಜೆ ಎಂದಿನ ಹಾಗಿರಲಿಲ್ಲ. ಅಡುಗೆಮನೆಯ ಬಾಗಿಲು ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ಬೆರಿಲ್, ನಾನು ಕೆಟ್ಟವಳು."

"ಏನಾಯ್ತು?"

"ಪಕ್ಕದ ಮನೆಯವನು ಬೇಲಿ ಹತ್ರ ರೇಡಿಯೊ ಇಟ್ಕೊಂಡು ಬೈಕ್ ರಿಪೇರಿ ಮಾಡ್ತಿದ್ದ. ನಾನು ಎದ್ದು ಬರಬೇಕಿತ್ತು. ಕಾಲೇ ಏಳ್ಲಿಲ್ಲ. ಎಲ್ಲಾ ಕೇಳ್ಬಿಟ್ಟೆ. ಕೊನೇವರೆಗೂ."

"ಅಯ್ಯೋ ಅಮ್ಮ!"

"ಹೇಳ್ಲಾ ಏನಾಯ್ತು ಅಂತ?"

"ಬೇಡ!" ಎಂದು ಬೆರಿಲ್ ಕಿವಿ ಮುಚ್ಚಿಕೊಂಡಳು. "ನಿಮ್ಮ ಮುಖ ಒಂದು ಸಾಲದಾ? ನನ್ನ ಮುಖಾನೂ ಓದ್ತಾನೆ ಅವನು."

"ಕ್ಲೆಮ್‌ಗೆ ಹೇಳ್ಬೇಡ. ನಾನು ಏನೂ ಕೇಳಿಲ್ಲ ಅಂತಲೇ ಇರ್ಲಿ. ಇವತ್ತು ನಾನು ಎಂಥಾ ನಾಟಕ ಆಡ್ತೀನಿ ನೋಡ್ತಿರು."

ಐದೂಮುಕ್ಕಾಲಕ್ಕೆ ಕ್ಲೆಮ್ ಬಂದ. ಮುಂಬಾಗಿಲಿಂದ ಬರಲಿಲ್ಲ. ಹಿತ್ತಲ ಬಾಗಿಲಿನಿಂದ ಇಣುಕಿ, ಹೆಂಡತಿಯನ್ನು ಬೆರಳಲ್ಲಿ ಕರೆದು, ಬಟ್ಟೆ ಒಗೆಯುವ ಕೋಣೆಗೆ ಎಳೆದುಕೊಂಡು ಹೋದ.

"ಅಮ್ಮ ಎಲ್ಲಿ?"

"ಕೋಣೇಲಿ. ಅವರು ಇವತ್ತು ರೇಡಿಯೊ ಕೇಳಿಲ್ಲ ಕ್ಲೆಮ್. ನಿನಗೋಸ್ಕರ ಬಚ್ಚಿಡಿಸಿದ್ರು." ಇಷ್ಟು ನಿಜ. ಉಳಿದದ್ದನ್ನು ಬೆರಿಲ್ ನುಂಗಿದಳು.

ಕ್ಲೆಮ್ ಹಣೆ ಚಚ್ಚಿಕೊಂಡ. "ಇವತ್ತೇ ಕೇಳ್ದೇ ಇರಬೇಕಾ? ಬೆರಿಲ್, ನಂಗೆ ಗೊತ್ತಾಗೋಯ್ತು. ಆ ತಾಸೋ! ಎಂಟು ವರ್ಷ ಬಾಗಿಲು ಕಾದೋನು, ಇವತ್ತು ಬಾಗಿಲು ಒದ್ದು ಒಳಗೆ ಬಂದು, ನನ್ನ ಕಿವಿಯಿಂದ ಹತ್ತಿ ಕಿತ್ತು..."

"ಹೇಳ್ಬೇಡ!"

"ಯಾಕೆ? ಫುಟ್‌ಬಾಲ್‌ಗೂ ನಿಂಗೂ ಏನು ಸಂಬಂಧ?"

"ಹೇಳ್ಬೇಡ ಅಂದೆ, ಅಷ್ಟೇ."

"ಅಮ್ಮಂಗೆ ಗೊತ್ತಾಗಬಾರದು. ಪಾಪ, ಜೀವಮಾನದಲ್ಲಿ ಮೊದಲನೇ ಸಲ ನನಗೋಸ್ಕರ ಬಾಯಿ ಕಟ್ಟಿದಾಳೆ. ನಾನು ಏನೂ ಗೊತ್ತಿಲ್ದೋನ ಥರ ನೋಡ್ತೀನಿ. ನೀನು ಸುಮ್ನಿರು."

ಬೆರಿಲ್‌ಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಬ್ಬರಿಗೂ ಗೊತ್ತು. ಇಬ್ಬರೂ ಗೊತ್ತಿಲ್ಲವೆಂದು ಆಡುತ್ತಾರೆ. ಏನಾಯಿತೆಂದು ಗೊತ್ತಿಲ್ಲದವಳು ಆ ಮನೆಯಲ್ಲಿ ಅವಳೊಬ್ಬಳೇ.

ಆರೂವರೆಗೆ ಪಂದ್ಯ ಶುರುವಾಯಿತು. ಬಣ್ಣದ ಟಿವಿಯ ತುಂಬ ಹಸಿರು. ಕ್ಲೆಮ್ ಸೋಫಾದ ತುದಿಗೆ ಕೂತು ಕೈ ಕೈ ಉಜ್ಜಿದ. "ಏನಾಗುತ್ತೋ ಏನೋ ಅಮ್ಮ, ನಂಗಂತೂ ಭಯ."

"ನಂಗೂ ಕಣೋ. ಎದೆ ಡವಡವ ಅಂತಿದೆ. ಏನೂ ಗೊತ್ತಿಲ್ಲ ನೋಡು, ಒಂದು ಚೂರೂ ಗೊತ್ತಿಲ್ಲ."

"ನಂಗೂ ಒಂದು ಚೂರೂ ಗೊತ್ತಿಲ್ಲ."

ಅಷ್ಟೊಂದು ಸಲ ಹೇಳುವ ಅಗತ್ಯವಿರಲಿಲ್ಲ. ಬೆರಿಲ್ ಬಟಾಣಿಯ ಬಟ್ಟಲು ಹಿಡಿದುಕೊಂಡು ಇಬ್ಬರ ನಡುವೆ ಕೂತಳು. ಸೋತರೆ ಸೋತ ಮುಖ ಹೊತ್ತ ಕ್ಲೆಮ್ ಯಾರ ಮಾತನ್ನೂ ಕೇಳುವುದಿಲ್ಲ, ಸೋಮವಾರದ ರೈಲು ಖಂಡಿತ. ಗೆದ್ದರೆ ಫೈನಲ್ಸ್ ಉಂಟು, ಮುಂದಿನ ಶನಿವಾರ ಉಂಟು. ಗೆದ್ದ ಖುಷಿಯಲ್ಲಿ ಅವನ ಮನಸ್ಸು ಹಿಡಿದು ಬಗ್ಗಿಸಬಹುದು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಬೆರಿಲ್‌ಗೆ ಕೊಕ್ಕರೆಗಳು ಗೆಲ್ಲಬೇಕಿತ್ತು.

ಮೊದಲು ಅವರಿಬ್ಬರ ಮುಖ ನೋಡಿ ತಿಳಿಯೋಣವೆಂದು ನೋಡಿದಳು. ಗೂಳಿಗಳು ಗೋಲು ಹೊಡೆದರೆ ಐವಿ ಎದೆ ಬಡಿದುಕೊಂಡು "ಮುಗೀತು!" ಎನ್ನುತ್ತಿದ್ದಳು. ಕೊಕ್ಕರೆಗಳು ಹೊಡೆದರೆ ಕ್ಲೆಮ್ ತಲೆಯ ಮೇಲೆ ಕೈ ಹೊತ್ತು "ಇದ್ರಿಂದೇನೂ ಉಪಯೋಗವಿಲ್ಲ!" ಎನ್ನುತ್ತಿದ್ದ. ಇಂಥ ಕೆಟ್ಟ ನಟರನ್ನು ಚರ್ಚಿನ ಕ್ರಿಸ್‌ಮಸ್ ನಾಟಕಕ್ಕೂ ಯಾರೂ ಸೇರಿಸಿಕೊಳ್ಳುತ್ತಿರಲಿಲ್ಲ. ಮುಖದಿಂದ ಏನೂ ತಿಳಿಯದೆ ಬೆರಿಲ್ ಟಿವಿಯನ್ನೇ ನೋಡಬೇಕಾಯಿತು.

ನೋಡಿದಳು. ಅರ್ಧ ಆಟ ಮುಗಿದಾಗ ಕೊಕ್ಕರೆಗಳು ಇಪ್ಪತ್ತೆಂಟು ಹಿಂದೆ. ಮೂರನೆಯ ಕ್ವಾರ್ಟರ್ ಮುಗಿದಾಗ ಹದಿನೇಳು.

"ಆ ಕೆಂಪು ಕೂದಲಿನೋನಿಗೆ ಯಾಕೆ ಚೆಂಡು ಕೊಡ್ತಿಲ್ಲ?" ಎಂದಳು ಬೆರಿಲ್.

"ಡೂಲನ್‌ಗಾ?" ಎಂದ ಕ್ಲೆಮ್. "ಅವನಿಗೆ ಮೊಣಕಾಲು ಸರಿಯಿಲ್ಲ."

"ಮೊಣಕಾಲಿಗೇನಾಗಿದೆ? ಕುದುರೆ ಥರ ಓಡ್ತಿದಾನೆ! ಕೊಡ್ರೋ ಅವನಿಗೆ!"

ಕ್ಲೆಮ್ ಹೆಂಡತಿಯ ಕಡೆ ತಿರುಗಿ ನೋಡಿದ. ಐವಿಯೂ ನೋಡಿದಳು.

ಕೊನೆಯ ಕ್ವಾರ್ಟರಿನಲ್ಲಿ ಡೂಲನ್‌ಗೆ ಚೆಂಡು ಸಿಕ್ಕಿತು. ಒಂದು ಗೋಲು. ಇನ್ನೊಂದು. ಬೆರಿಲ್ ಸೋಫಾದಿಂದ ಜಾರಿ ನೆಲದ ಮೇಲೆ ಮಂಡಿಯೂರಿದ್ದಳು. ಒಂದು ಒದೆತ ಪಕ್ಕದ ಕಂಬದತ್ತ ಜಾರಿ ಒಂದೇ ಅಂಕ ಬಂದಾಗ, "ಒಂದಾ? ಬರೀ ಒಂದಾ? ಯಾರಿಗೆ ಬೇಕು ನಿಮ್ಮ ಭಿಕ್ಷೆ!" ಎಂದು ಅಂಪೈರನಿಗೆ ಬಟಾಣಿ ಎಸೆದಳು. ಅದು ಗಾಜಿಗೆ ಬಡಿದು ಉರುಳಿತು.

ನಾಲ್ಕು ಅಂಕ ಹಿಂದೆ. ಸಮಯ ಮುಗಿಯುತ್ತಾ ಬಂತು. ಉದ್ದಕ್ಕೆ ಹಾರಿ ಬಂದ ಚೆಂಡನ್ನು ಮೂವರ ತಲೆಯ ಮೇಲಿಂದ ನೆಗೆದು ಡೂಲನ್ ಎದೆಗವಚಿಕೊಂಡ. ಅಷ್ಟರಲ್ಲಿ ಸೈರನ್ ಕೂಗಿತು.

"ಮುಗೀತಾ?" ಬೆರಿಲ್ ಕಿರುಚಿದಳು. "ಅನ್ಯಾಯ! ಚೆಂಡು ಅವನ ಕೈಲೇ ಇದೆಯಲ್ಲ!"

"ಕೈಲಿದ್ದೋನಿಗೆ ಒಂದು ಒದೆತ ಕೊಡ್ತಾರೆ" ಎಂದ ಕ್ಲೆಮ್. ಅವನ ದನಿ ಒಂಥರಾ ಆಗಿತ್ತು.

"ಆರು ಬಂದ್ರೆ?"

"ಬಂದ್ರೆ ಎರಡು ಅಂಕದ ಗೆಲುವು."

"ಒಂದು ಬಂದ್ರೆ?"

"ಮನೆಗೆ."

ಡೂಲನ್ ಹಿಂದೆ ಹಿಂದೆ ನಡೆದ. ಕಾಲುಚೀಲ ಎಳೆದುಕೊಂಡ. ಬೆರಿಲ್ ಅತ್ತೆಯ ಮೊಣಕಾಲನ್ನು ಒಂದು ಕೈಯಲ್ಲಿ, ಗಂಡನ ಮೊಣಕಾಲನ್ನು ಇನ್ನೊಂದು ಕೈಯಲ್ಲಿ ಹಿಡಿದಿದ್ದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು. "ಒದಿಯೋ ಮಾರಾಯ, ಒದಿ, ಅಮ್ಮಂಗೋಸ್ಕರ ಒದಿ" ಎನ್ನುತ್ತಿದ್ದಳು. ಡೂಲನ್ ಒದ್ದ. ಚೆಂಡು ಎಡಕ್ಕೆ ವಾಲಿತು, ಹೋಯಿತು ಅನ್ನಿಸಿತು, ಮತ್ತೆ ಬಲಕ್ಕೆ ತಿರುಗಿ ನಡುವಿನ ಎರಡು ಕಂಬದ ಮಧ್ಯೆ ತೂರಿತು.

ಬೆರಿಲ್ ಹಾರಿದಳು. ಬಟ್ಟಲು ಮೇಲಕ್ಕೆ ಹೋಗಿ ನೆಲಹಾಸಿನ ತುಂಬ ಬಟಾಣಿ ಹರಡಿತು. "ಆರು! ಆರು! ಆರು!" ಎಂದು ಕೂಗುತ್ತಾ ಟಿವಿಯನ್ನೇ ತಬ್ಬಿ ಮುತ್ತಿಟ್ಟಳು. ತಿರುಗಿ ನೋಡಿದರೆ ಗಂಡ ಅತ್ತೆ ಇಬ್ಬರೂ ಟಿವಿಯ ಕಡೆ ನೋಡುತ್ತಲೇ ಇರಲಿಲ್ಲ. ಅವಳನ್ನೇ ನೋಡುತ್ತಾ, ಒಬ್ಬರನ್ನೊಬ್ಬರು ಮೀರಿಸುವಂತೆ ಹಲ್ಲು ಬಿಟ್ಟು ಕೂತಿದ್ದರು.

ಮೊದಲು ಎಚ್ಚೆತ್ತವಳು ಐವಿ.

"ಕ್ಲೆಮ್, ಸೈರನ್ ಆದಾಗ ನೀನು ಟಿವಿ ನೋಡ್ತಿರ್ಲಿಲ್ಲ."

"ನೀನೂ ನೋಡ್ತಿರ್ಲಿಲ್ಲ ಅಮ್ಮ."

"ನಿಂಗೆ ಗೊತ್ತಿತ್ತು!"

"ನಿಂಗೂ ಗೊತ್ತಿತ್ತು!"

"ಪಕ್ಕದ ಮನೆಯವನ ರೇಡಿಯೊ" ಎಂದಳು ಐವಿ.

"ತಾಸೋ" ಎಂದ ಕ್ಲೆಮ್.

ಇಬ್ಬರೂ ನಗತೊಡಗಿದರು. ಐವಿ ಸೊಂಟ ಹಿಡಿದುಕೊಂಡು, "ನಗಿಸ್ಬೇಡ್ರೋ, ಕೀಲು ಬಿಡುತ್ತೆ" ಎಂದು ನಕ್ಕಳು. ಕ್ಲೆಮ್ ಕಣ್ಣೊರೆಸಿಕೊಂಡ.

"ಬೆರಿಲ್‌ಳ ಮುಖ ನೋಡ್ದೆಯಾ ಅಮ್ಮ? ಆ ಚೆಂಡು ಎಡಕ್ಕೆ ವಾಲಿದಾಗ?"

"ನೋಡ್ದೆ. ಈಗ ಗೊತ್ತಾಯ್ತಾ ನಿಂಗೆ?" ಐವಿಯ ನಗು ನಿಂತಿತು. "ಪಂದ್ಯ ನಾನು ಮಧ್ಯಾಹ್ನವೇ ಕೇಳಿರ್ತೀನಿ ಕಣೋ. ಆರೂವರೆಗೆ ನಾನು ಟಿವಿ ನೋಡೋಕೆ ಕೂತ್ಕೋತಿದ್ನಾ? ಗೋಲು ಬಿದ್ದಾಗ ನೀನು ಹೇಗೆ ಆಗ್ತೀಯ ಅಂತ ನೋಡೋಕೆ. ನಿಮ್ಮಪ್ಪನ ಹೆಗಲ ಮೇಲೆ ಕೂತ್ಕೊಂಡು ಐದು ವರ್ಷದ ಹುಡುಗ ಹೇಗೆ ಬಾಯಿ ತೆರೀತಿದ್ನೋ, ನಲವತ್ತೈದಕ್ಕೂ ಹಾಗೇ ತೆರೀತೀಯ. ಅದು ಬರುತ್ತೆ ಬರುತ್ತೆ ಅಂತ ಗೊತ್ತಿದ್ದಾಗ, ನನ್ನ ಮುಖ ಹೇಗೋ ಸುಮ್ನಿರುತ್ತೆ?"

ಕ್ಲೆಮ್ ಬಗ್ಗಿ ನೆಲಹಾಸಿನ ಮೇಲಿನ ಬಟಾಣಿಯನ್ನು ಒಂದೊಂದಾಗಿ ಹೆಕ್ಕತೊಡಗಿದ. ನಾಲ್ಕೈದು ಹೆಕ್ಕಿ ಬಟ್ಟಲಿಗೆ ಹಾಕಿ, ಎದ್ದು ಹಜಾರದ ಫೋನಿನ ಹತ್ತಿರ ಹೋಗಿ ದೂರದ ಊರಿನ ನಂಬರು ಕೇಳಿದ. ಮಿಲ್ಡುರಾದ ಲೈನು ಸರಿಯಿರಲಿಲ್ಲ, ಕೂಗಿಯೇ ಮಾತಾಡಬೇಕಾಯಿತು.

"ಥೆಲ್ಮಾ? ಅಮ್ಮ ಸೋಮವಾರ ಬರಲ್ಲ!... ಇಲ್ಲ, ಹುಷಾರಾಗೇ ಇದಾಳೆ!... ಮುಂದಿನ ತಿಂಗಳೂ ಇಲ್ಲ, ಎಂದೂ ಇಲ್ಲ! ಅಮ್ಮ ಇಲ್ಲೇ ಇರ್ತಾಳೆ!... ಯಾಕೆ ಅಂದ್ರೆ... ಶನಿವಾರದ ಮಧ್ಯಾಹ್ನದ ಪಾಳಿ ಬದಲಾಯಿಸ್ಕೋತೀನಿ. ನಾನೂ ಅಮ್ಮಾನೂ ರೇಡಿಯೊ ಕೇಳ್ಬೇಕು!... ಟಿವಿ? ಟಿವಿ ನಂಗಲ್ಲ ಥೆಲ್ಮಾ. ಆರೂವರೆಗೆ ಬೆರಿಲ್‌ಗೆ ಪಂದ್ಯ ಇದೆ!"

ಬೆರಿಲ್ ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟಳು. ಅವಳಿಗೆ ಜೋರಾಗಿ ಅಳು ಬರುತ್ತಿತ್ತು, ಸಂತೋಷಕ್ಕೇ ಬರುತ್ತಿತ್ತು. ಅಳುತ್ತಲೇ ಹಿಟ್ಟಿನ ಡಬ್ಬಿಯೊಳಗೆ ಕೈ ಹಾಕಿ ಟ್ರಾನ್ಸಿಸ್ಟರ್ ತೆಗೆದು ಏಪ್ರನ್ನಿನಲ್ಲೇ ಒರೆಸತೊಡಗಿದಳು. ಎಲ್ಲಾದರೂ ಹಾಳಾಗಿದೆಯೋ ಎಂದು ಗುಂಡಿ ತಿರುಗಿಸಿದಳಷ್ಟೆ, ಯಾರೋ ಮುಂದಿನ ಶನಿವಾರದ ಫೈನಲ್ಸ್ ವಿಷಯ ಮಾತಾಡುತ್ತಿದ್ದರು.

ಕೋಲು ಊರುತ್ತಾ ಐವಿ ಓಡೋಡಿ ಬಂದು ಅದನ್ನು ಅವಳ ಕೈಯಿಂದ ಕಿತ್ತುಕೊಂಡಳು.

"ನೀನು ಕೇಳ್ಬೇಡ!" ಎಂದಳು. "ಕ್ಲೆಮ್, ಬಾರೋ ಇಲ್ಲಿ, ಇವಳನ್ನ ಹೊರಗೆ ಕಳಿಸು!"